ಹೇಳದೆ ಬಿಟ್ಟ ರಿಪೇರಿ

"ಕ್ಲಚ್ ಹೋಗಿದೆ. ರೇಡಿಯೇಟರ್ ಸೋರುತ್ತೆ. ಫೋರ್ ವೀಲ್ ಗೇರು ಒಂದೊಂದ್ಸಲ ಕಚ್ಕೊಂಡು ಕೂತ್ಬಿಡುತ್ತೆ. ಸೀಟಿನ ಕೆಳಗೆ ತುಕ್ಕೂ ಇದೆ, ನೋಡ್ಕೊಳ್ಳಿ." ಜೀಪಿನ ಮಾಲೀಕ, ರಿಟೈರಾದ ಸರ್ವೇಯರ್, ಯಾರೂ ಕೇಳುವ ಮೊದಲೇ ಎಲ್ಲ ಒಪ್ಪಿಸಿಬಿಟ್ಟ.

ಅಪ್ಪನ ಹುಬ್ಬು ಮೇಲೇರಿತು. ಹಳೇ ಫ್ರಿಜ್ಜು, ವಾಷಿಂಗ್ ಮೆಷೀನು ಮಾರುತ್ತಲೇ ತಲೆ ನರೆತ ಮನುಷ್ಯ ಅವರು; ಮಾರುವವನು ಇಷ್ಟು ಸಲೀಸಾಗಿ ಬಾಯಿಬಿಟ್ಟರೆ ನಂಬುವ ಪೈಕಿಯಲ್ಲ. ಜೀಪು ಬೇಕಾಗಿದ್ದುದು ಮಗಳಿಗೆ. ದನದ ಡಾಕ್ಟರಾದ ಅವಳನ್ನು ಗುಡ್ಡದ ಮೇಲಿನ ಆಸ್ಪತ್ರೆಗೆ ಹಾಕಿದ್ದರು. ಬರೀ ಕಲ್ಲುದಾರಿ, ಬಸ್ಸು ಬುಡದಲ್ಲೇ ನಿಲ್ಲುತ್ತದೆ. ಗಾಡಿಯಿಲ್ಲದಿದ್ದರೆ ಕೆಲಸವನ್ನೇ ಬಿಡಬೇಕು. ಮುಂದಿನ ವರ್ಷ ನೋಡೋಣ ಎಂದು ಅವಳೆಂದರೂ, ಈ ತಿಂಗಳೇ ಆಗಬೇಕೆಂದು ಹಟ ಹಿಡಿದವರು ಅಪ್ಪ.

ಮಗಳು ಮೊಬೈಲಿನಲ್ಲಿ ಲೆಕ್ಕ ಹಾಕಿದಳು. "ಕ್ಲಚ್ಚು, ರೇಡಿಯೇಟರ್, ಗೇರು, ತಗಡಿನ ಕೆಲಸ, ಎಲ್ಲ ಇವರ ಬೆಲೆಗೆ ಸೇರಿಸಿದ್ರೂ ಬೇರೆ ಕಡೆ ಹೇಳಿದ ರೇಟಿನ ಅರ್ಧ ದಾಟಲ್ಲಪ್ಪ. ತಗೊಳ್ಳೋಣ."

"ನೀನು ಸುಮ್ನಿರು."

ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾನೋ ಎಂದು ಬಾನೆಟ್ ಮುಟ್ಟಿ ನೋಡಿದರು. ತಣ್ಣಗಿತ್ತು. ಆಯಿಲ್ ಮೂಸಿದರು. ಟಾರ್ಚ್ ಹಿಡಿದು ಅಡಿಗೆ ತೂರಿ, ಚಾಸಿಯನ್ನು ಉದ್ದಕ್ಕೂ ಕುಟ್ಟಿಕೊಂಡು ಹೋದರು. ಇಂಜಿನ್ನು ಒಂದೇ ಸಲಕ್ಕೆ ಸ್ಟಾರ್ಟ್ ಆದಾಗಂತೂ ಅವರ ಮುಖ ಇನ್ನಷ್ಟು ಸಣ್ಣದಾಯಿತು. ಏನೂ ಸಿಗದಿರುವುದೇ ಅವರಿಗೆ ದೊಡ್ಡ ತಲೆನೋವಾಗಿತ್ತು.

"ಇನ್ನೇನಿದೆ, ಅದನ್ನೂ ಹೇಳ್ಬಿಡಿ ಸ್ವಾಮಿ."

"ಇದ್ದಿದ್ದೆಲ್ಲ ಹೇಳಿದೀನಲ್ರೀ!" ಸರ್ವೇಯರ್ ಬೇಸರದಿಂದ ಎದ್ದು, ಗಾಡಿಯ ಕಾಗದ ತರಲು ಒಳಗೆ ಹೋದ.

ಅಪ್ಪ ಮಗಳ ಕಿವಿಯ ಹತ್ತಿರ ಬಂದರು. "ಇದು ನಮ್ಮ ಅಂಗಡಿಯ ಆಟವೇ ಕಣೆ. ಫ್ರಿಜ್ಜಿನ ಬಾಗಿಲಿನ ರಬ್ಬರ್ ಸಡಿಲ ಆಗಿದೆ ಅಂತ ನಾವಾಗೇ ಹೇಳ್ಬಿಡ್ಬೇಕು. ಗಿರಾಕಿ, ಪಾಪ ಎಷ್ಟು ಒಳ್ಳೇ ಮನುಷ್ಯ ಅಂದ್ಕೊಂಡು ಕಂಪ್ರೆಸರ್ ಕಡೆ ತಿರುಗೂ ನೋಡಲ್ಲ. ದೊಡ್ಡದನ್ನ ಮುಚ್ಬೇಕು ಅಂದ್ರೆ ಸಣ್ಣದೊಂದನ್ನ ಬಿಟ್ಟುಕೊಡ್ಬೇಕು."

ಮಗಳಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಇಷ್ಟು ಹೇಳುವಷ್ಟರಲ್ಲಿ ಅಪ್ಪ ಬಂಪರನ್ನು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ಅವಳಿಗೆ ಹೆದರಿಕೆಯಾಯಿತು.

"ಅಪ್ಪ, ಮೊನ್ನೆ ನೀವು ಆಸ್ಪತ್ರೆಯಿಂದ ಬಂದು, ಸ್ವಲ್ಪ ಬಿಪಿ ಇದೆಯಂತೆ, ಉಪ್ಪು ಕಡಿಮೆ ಮಾಡ್ಬೇಕಂತೆ ಅಂದ್ರಲ್ಲ..."

"ಹೂಂ. ಅದಕ್ಕೇನೀಗ?"

"ಡಾಕ್ಟರು ಇನ್ನೇನಂದ್ರು?"

ಅಪ್ಪ ಟಾರ್ಚ್ ಹಚ್ಚಿಕೊಂಡು, ಆಗಲೇ ನೋಡಿ ಮುಗಿಸಿದ್ದ ಜೀಪಿನ ಅಡಿಗೆ ಮತ್ತೆ ತೂರಿಕೊಂಡರು.