ಲೀಟರಿಗೆ ಮೂರು ಕಿಲೋಮೀಟರ್ ಓಡುತ್ತಿದ್ದ ಕಾರು

ಹುಬ್ಬಳ್ಳಿಯ ಟೈಲ್ಸ್ ವ್ಯಾಪಾರಿ ಮಹಾಂತೇಶನಿಗೆ ಮನೆಯ ಶೆಡ್ಡಿನಲ್ಲಿದ್ದ ಆ ಕಾರನ್ನು ಕಂಡರೆ ಸಿಟ್ಟು...

ಎರಡೇ ಬಾಗಿಲು, ಉದ್ದ ಮೂತಿಯ ಹಳೆಯ ಅಮೆರಿಕನ್ ಮಸಲ್ ಕಾರು. ಎದೆಬಡಿತದಂತೆ ಗುಡ್ ಗುಡ್ ಎನ್ನುವ ಎಂಟು ಸಿಲಿಂಡರಿನ ಎಂಜಿನ್. ಲೀಟರಿಗೆ ಮೂರು ಕಿಲೋಮೀಟರ್ ಓಡಿದರೆ ಹೆಚ್ಚು.

ಹತ್ತಿ ಗಿರಣಿ ಮುಚ್ಚಿದಾಗ ಅದರ ಸಾಹುಕಾರರಿಂದ ಅಪ್ಪ ಗುರುಸಿದ್ದಪ್ಪ ಕೊಂಡದ್ದು. ಪ್ರತಿ ಭಾನುವಾರ ಸ್ಟಾರ್ಟ್ ಮಾಡಿ, ಎಲ್ಲಿಗೂ ಹೋಗದೆ, ಸ್ಟೀರಿಂಗ್ ಹಿಡಿದು ಸುಮ್ಮನೆ ಕೂರುತ್ತಿದ್ದರು.

"ಅಪ್ಪಾ, ಪೆಟ್ರೋಲ್ ಸುಡಾಕತ್ತೀರಿ. ಗಾಡಿ ಅಂಗಳಾನೂ ದಾಟವಲ್ದು!"

"ಸುಮ್ನ ಕುಂದ್ರೋ... ಅದು ಮಾತಾಡಾಕತ್ತೈತಿ."

ಈ ಬೇಸಿಗೆಯಲ್ಲಿ ಗುರುಸಿದ್ದಪ್ಪನವರಿಗೆ ಲಕ್ವಾ ಹೊಡೆಯಿತು. ಕಣ್ಣು ಮಂಜಾಯಿತು. ಚಿಕಿತ್ಸೆಗೆಂದು ಬೆಳಗಾವಿಯಲ್ಲಿ ಮಗಳ ಮನೆಯಲ್ಲಿ ಉಳಿದರು.

ಆಗಲೇ ಮಹಾಂತೇಶನಿಗೆ ಗೊತ್ತಾದದ್ದು, ಅಂಥ ಕಾರುಗಳಿಗೆ ಈಗ ಭಾರಿ ಬೆಲೆಯಿದೆ ಎಂದು. ಮಾರಿದರೆ ಧಾರವಾಡದಲ್ಲಿ ಇನ್ನೊಂದು ಅಂಗಡಿ ತೆರೆಯಬಹುದು...

ಆದರೆ ಈ ಮೈಲೇಜಿಗೆ ಯಾರು ಕೊಳ್ಳುತ್ತಾರೆ?

ಮೆಕ್ಯಾನಿಕ್ ಕೈಲಿ ಹಳೆಯ ಎಂಜಿನ್ ಕೀಳಿಸಿ ಗುಜರಿಗೆ ಹಾಕಿಸಿದ. ಡೀಸೆಲ್ ಎಂಜಿನ್ ಕೂರಿಸಿದ. ಮೇಲೆ ಮಿರಿಮಿರಿ ಕೆಂಪು ಬಣ್ಣ. ಅಪ್ಪನನ್ನು ಒಂದು ಮಾತು ಕೇಳಲಿಲ್ಲ.

ಫೋನಿನಲ್ಲಿ ಬೆಲೆ ಕೇಳಿಕೊಂಡು, ಹಳೆಯ ಕಾರುಗಳ ಸಂಗ್ರಾಹಕ ಉತ್ತಪ್ಪ ಮಡಿಕೇರಿಯಿಂದ ಬಂದರು. ಕಾರಿನ ಸುತ್ತ ಒಂದು ಸುತ್ತು ಬಂದು, ಒಳಗೆ ಕೂತು ಕೀಲಿ ತಿರುಗಿಸಿದರು.

ಟಕ ಟಕ ಟಕ ಟಕ...

ತಕ್ಷಣ ಆಫ್ ಮಾಡಿದರು. ಇಳಿದು ಬಾನೆಟ್ ಎತ್ತಿದರು.

"ಇದರ ಎಂಜಿನ್ ಎಲ್ಲಿ?"

"ಹೊಸಾದು ಹಾಕ್ಸೇನ್ರೀ. ಲೀಟರಿಗೆ ಹನ್ನೆರಡು ಕೊಡ್ತೈತಿ!"

"ಈ ಕಾರನ್ನು ಮೈಲೇಜ್ ನೋಡಿ ಯಾರೂ ಕೊಳ್ಳಲ್ಲ ಸರ್. ಆ ಸದ್ದಿಗೇ ಜನ ದುಡ್ಡು ಸುರಿಯೋದು. ಹುಟ್ಟುವಾಗ ಇದ್ದ ಎಂಜಿನ್ ಇದ್ದಿದ್ರೆ ನೀವು ಕೇಳಿದ್ದರ ಎರಡು ಪಟ್ಟು ಕೊಡ್ತಿದ್ದೆ..."

ಚಹಾ ಕೂಡ ಕುಡಿಯದೆ ಹೊರಟುಹೋದರು.

ಮಹಾಂತೇಶ ಗುಜರಿ ಅಂಗಡಿಗೆ ಓಡಿದ. ಎಂಜಿನ್ ಒಡೆದು ಕರಗಿಸಲು ಕಳಿಸಿಯಾಗಿತ್ತು. ಮೆಕ್ಯಾನಿಕ್‌ಗೆ ಫೋನ್ ಮಾಡಿ ಬೈದ. "ನೀವ ಹೇಳಿದ್ರಲ್ರೀ ಸಾಹೇಬ್ರ, ದಂಡದ ಕಬ್ಬಿಣ ಅಂತ!" ಎಂದು ಆತನೂ ತಿರುಗಿಬಿದ್ದ.

ಅದೇ ವಾರ ಅಪ್ಪ ಮನೆಗೆ ಬಂದರು. ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, "ಗಾಡಿ ಚಾಲೂ ಮಾಡೋ" ಎಂದರು.

ಮಾಡಿದ. ಟಕ ಟಕ ಟಕ...

ಗುರುಸಿದ್ದಪ್ಪನವರು ಗೇಟಿನ ಕಡೆ ಮುಖ ತಿರುಗಿಸಿದರು.

"ಯಾರದೋ ಟೆಂಪೋ ಬಂದೈತಿ ನೋಡು... ನಮ್ಮ ಗಾಡಿ ಎಲ್ಲೈತಿ?"

"ಇದ ಅಪ್ಪಾ ನಮ್ಮ ಗಾಡಿ! ಇಲ್ಲೇ, ನಿಮ್ಮ ಮುಂದ ಐತಿ!" ಮಹಾಂತೇಶ ಕಿರುಚಿದ. ಉತ್ತಪ್ಪನ ಮೇಲಿನ ಸಿಟ್ಟು, ಮೆಕ್ಯಾನಿಕ್ ಮೇಲಿನ ಸಿಟ್ಟು, ಎಲ್ಲವೂ ಆ ದನಿಯಲ್ಲಿತ್ತು.

ಅಪ್ಪ ಗೇಟನ್ನೇ ನೋಡುತ್ತಾ ಕಾಯತೊಡಗಿದರು...

ಮಹಾಂತೇಶ ಎಂಜಿನ್ ಆಫ್ ಮಾಡಿ ಬಂದು ಪಕ್ಕದಲ್ಲಿ ಕುಸಿದು ಕೂತ.

ಸ್ವಲ್ಪ ಹೊತ್ತಿಗೆ ಅಪ್ಪನ ಕೈ ಅವನ ಮೊಣಕಾಲ ಮೇಲೆ ಬಿತ್ತು. ಮೆಲ್ಲಗೆ ತಟ್ಟಿತು... ಗುಡ್... ಗುಡ್... ಗುಡ್...

"ಸಣ್ಣಾಂವ ಇದ್ದಾಗ ನೀ ಬಾಯಿಲೆ ನಮ್ಮ ಗಾಡಿ ಸದ್ದು ಮಾಡ್ತಿದ್ದಿ. ನನ್ನ ತೊಡಿ ಮ್ಯಾಲ ಕುಂತು..."

ಮಹಾಂತೇಶ, ನಲವತ್ತು ದಾಟಿದ ಗಂಡಸು, ಓಣಿಯವರೆಲ್ಲ ನೋಡುತ್ತಿದ್ದಂತೆ, ಬಾಯಿ ತೆರೆದ.

"ಗುಡ್... ಗುಡ್... ಗುಡ್... ಗುಡ್..."

ಅಳು ಬಂದು ಮಧ್ಯೆ ಸದ್ದು ತುಂಡಾಯಿತು. ಅಪ್ಪ ಮೊಣಕಾಲು ತಟ್ಟಿದರು. ಮತ್ತೆ ಶುರು ಮಾಡಿದ.

ಗುರುಸಿದ್ದಪ್ಪನವರು ಕಣ್ಣು ಮುಚ್ಚಿ ನಕ್ಕರು.

"ಹ್ಞಾಂ... ಬಂತು ನೋಡು, ನಮ್ಮ ಗಾಡಿ."

*

*ಎದೆಬಡಿತಕ್ಕೆ ಮೈಲೇಜ್ ಕೇಳಬಾರದು.*

ನಿಮ್ಮ ಮನೆಯಲ್ಲಿ ಯಾವ ಸದ್ದನ್ನು ನೀವು ದಂಡ ಎಂದುಕೊಂಡಿದ್ದೀರಿ...? ಅದು ನಿಂತುಹೋದರೆ ಯಾರು ಗೇಟು ನೋಡುತ್ತಾ ಕೂರುತ್ತಾರೆ?