ಎರಡನೆಯ ಜಡೆ

ಶಾಲೆಗೆ ಹೊತ್ತಾಗಿತ್ತು. ಮಗಳ ಒಂದು ಜಡೆ ಹೆಣೆದು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ನಾದಿನಿ ದೊಡ್ಡ ಚೀಲ ಹಿಡಿದು ಬಂದಳು.

"ಹೊಸ ಬೀರು ತಂದು ತಿಂಗಳಾಗಿಲ್ಲ ಅತ್ತಿಗೆ, ಅದೂ ತುಂಬಿ ಹೋಯ್ತು. ಎಂಟು ಫ್ರಾಕಿವೆ. ನಮ್ಮ ಸಿರಿ ಒಂದೊಂದೇ ಸಲ ಹಾಕಿದ್ದು. ಇಟ್ಕೊಳ್ಳಿ."

ನಾನು ನೀಲಿಯದೊಂದನ್ನು ತೆಗೆದುಕೊಂಡೆ. "ಇವಳಿಗೆ ಇದೊಂದು ಸಾಕು."

"ನಿಮ್ಮ ಬಾಯಲ್ಲಿ ಯಾವಾಗಲೂ ಸಾಕು! ಸೀರೆ ನಾಲ್ಕು ಸಾಕು, ಮನೆ ಎರಡು ಕೋಣೆ ಸಾಕು. ಹೆತ್ತ ಮಗುವಾಗಿದ್ರೆ ಹೀಗಂತಿದ್ರಾ? ಸಾಕುಮಗಳು ಅಂತ ತಾನೆ..."

ತಕ್ಷಣ ನಾಲಿಗೆ ಕಚ್ಚಿಕೊಂಡಳು. ಆರು ವರ್ಷ ಈ ಮನೆಯಲ್ಲಿ ಯಾರೂ ಆಡದ ಮಾತು ಹೊರಬಿದ್ದಿತ್ತು. ಚೀಲವನ್ನು ಅಲ್ಲೇ ಬಿಟ್ಟು, ತಲೆ ತಗ್ಗಿಸಿ ಹೊರಟುಹೋದಳು.

ಮಗಳು ನನಗೆ ಬೆನ್ನು ಮಾಡಿ ಕೂತಿದ್ದಳು. ಮುಖ ಕಾಣುತ್ತಿರಲಿಲ್ಲ. ನನ್ನ ಹೆಣಿಗೆ ತಪ್ಪಿತು. ಬಿಚ್ಚಿ ಹೆಣೆದೆ, ಮತ್ತೆ ತಪ್ಪಿತು. ಹೇಗೋ ರಿಬ್ಬನ್ ಕಟ್ಟಿದೆ. ಅವಳು ಏಳಲಿಲ್ಲ.

"ಏನಾದ್ರೂ ಕೇಳ್ಬೇಕಾ ಪುಟ್ಟಿ?"

ಹೌದೆಂದು ತಲೆಯಾಡಿಸಿದಳು.

"ಕೇಳು ಕಂದ. ಏನಿದ್ರೂ ಹೇಳ್ತೀನಿ."

"ಅತ್ತೆ ಹೋದ್ರಾ?"

"ಹೋದ್ರು."

ಆದರೂ ಅವಳು ಬಾಗಿಲ ಕಡೆ ಒಮ್ಮೆ ಇಣುಕಿ ನೋಡಿದಳು. ಆಮೇಲೆ ನನ್ನತ್ತ ತಿರುಗಿ, ಪಿಸುದನಿಯಲ್ಲಿ ಕೇಳಿಯೇಬಿಟ್ಟಳು.

"ಪಾಪ, ಸಿರಿ ಅಕ್ಕ ಅತ್ತೆಗೆ ಸಾಕಾಗಲ್ವಾ ಅಮ್ಮಾ? ನಾನೊಬ್ಬಳೇನಾ ಸಾಕುಮಗಳು?"