ಹಿಡಿದುಕೊಳ್ಳುವವರು

“ಇವತ್ತು ಯಾರೂ ಏನನ್ನೂ ಹಿಡ್ಕೋಬಾರ್ದು,” ಎಂದು ಯಜಮಾನ ಮನೆಯವರಿಗೆಲ್ಲ ಅಪ್ಪಣೆ ಮಾಡಿದ. ಬಾಡಿಗೆಗೆ ಖಾಲಿ ಬಿದ್ದ ಮಹಡಿ ಮನೆ ನೋಡಲು ಹೊಸ ಬ್ಯಾಂಕಿನ ಮ್ಯಾನೇಜರ್ ಗೇಟು ತೆಗೆಯುತ್ತಿದ್ದ. ಬೆಳಗ್ಗೆ ಬರುತ್ತೇನೆಂದವನು ಮಧ್ಯಾಹ್ನ, ಸರಿಯಾಗಿ ಗಣಿಯಲ್ಲಿ ಬಂಡೆ ಸಿಡಿಸುವ ಹೊತ್ತಿಗೆ ಬಂದಿದ್ದ.

ಸಿಡಿತಕ್ಕೆ ಮನೆ ಅದುರುವ ಹೊತ್ತಿಗೆ ಯಾರು ಏನು ಹಿಡಿಯಬೇಕೆಂದು ಆ ಮನೆಯಲ್ಲಿ ಹಂಚಿಕೆಯಾಗಿತ್ತು. ಹೆಂಡತಿಗೆ ಪಾತ್ರೆ ಸ್ಟ್ಯಾಂಡು, ಮಗಳಿಗೆ ಟಿವಿ, ಅಮ್ಮನಿಗೆ ಗೋಡೆ ಗಡಿಯಾರ. ಹೋದ ವಾರ ಮನೆ ನೋಡಲು ಬಂದ ದಂಪತಿ, ಮಾತಿನ ನಡುವೆ ಮೂವರೂ ಎದ್ದು ಒಂದೊಂದನ್ನು ತಬ್ಬಿಕೊಂಡದ್ದು ಕಂಡು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ್ದರು.

“ಗಡಿಯಾರ ಬಿದ್ರೆ?” ಎಂದಳು ಅಮ್ಮ.

“ಬೀಳ್ಲಿ. ಇವನೂ ಓಡಿದ್ರೆ ಮಹಡಿನ ಪಾರಿವಾಳಕ್ಕೆ ಬಾಡಿಗೆ ಕೊಡ್ಬೇಕಾಗುತ್ತೆ.”

“ಗಣಿ ಬಂತು ಅಂತ ನೀನು ಮಹಡಿ ಕಟ್ಟಿದೆ. ಮಹಡಿ ನಿಲ್ಲುತ್ತೋ ಇಲ್ವೋ, ಅದನ್ನೂ ಗಣಿಯವರನ್ನೇ ಕೇಳ್ಬೇಕು ನೋಡು.”

“ಬೀದಿಯವರೆಲ್ಲ ಕಟ್ಟಿದ್ದಾರೆ. ಸುಮ್ನಿರಮ್ಮ.”

ಮ್ಯಾನೇಜರ್ ಒಳಗೆ ಬಂದು ಕುರ್ಚಿಯಲ್ಲಿ ಕೂತ. “ಊರು ಚೆನ್ನಾಗಿ ಬೆಳೀತಿದೆ.”

“ಆದ್ರೂ ನಮ್ಮ ಬೀದಿ ಭಾರಿ ಶಾಂತ, ಸಾರ್,” ಎಂದ ಯಜಮಾನ. ದೂರದಲ್ಲಿ ಸೈರನ್ ಕೂಗಿತು. “ಅದು ಯಾವ್ದೋ ಶಾಲೆ ಗಂಟೆ.”

ಹೆಂಡತಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತಳು. ಮಗಳು ಟಿವಿಗೆ ಬೆನ್ನು ಹಾಕಿದಳು. ಅಮ್ಮ, ಊರಿಗೆ ಹೊರಟವರನ್ನು ನೋಡುವಂತೆ, ಗಡಿಯಾರವನ್ನು ನೋಡಿದಳು.

ನೆಲದೊಳಗೆ ಗುಡುಗಿದಂತಾಯಿತು. ತಟ್ಟೆಗಳು ಜಣಜಣ ಎಂದವು. ಮೂವರೂ ಹಲ್ಲು ಕಚ್ಚಿ ಕೂತೇ ಇದ್ದರು. ಮ್ಯಾನೇಜರ್ ಮಾತ್ರ ಛಂಗನೆ ಎದ್ದು ಟಿವಿಯನ್ನು ಎದೆಗೆ ಅವಚಿಕೊಂಡ. ಗಡಿಯಾರ ಬಿದ್ದು ಚೂರಾಯಿತು.

“ಹೇಳಿದ್ನಲ್ಲ,” ಎಂದಳು ಅಮ್ಮ.

“ನಾನು ಮೊದಲಿದ್ದ ಊರಲ್ಲೂ ಗಣಿ ಇತ್ತು,” ಎಂದ ಮ್ಯಾನೇಜರ್, ಟಿವಿ ಬಿಡದೆ. “ನಮ್ಮನೇಲಿ ಟಿವಿ ನನ್ನ ಪಾಲು. ಮನೆ ನೋಡೋಕೆ ಇದೇ ಸರಿಯಾದ ಹೊತ್ತು ಅಂತ್ಲೇ ಈಗ ಬಂದೆ. ಮಹಡಿ ನಂಗೆ ಒಪ್ಪಿಗೆ. ಸಾಮಾನು ನಾವು ಹಿಡ್ಕೋತೀವಿ. ಗೋಡೆ ಮಾತ್ರ ನಿಮ್ದು.”

ಆಗ ಎಲ್ಲರೂ ಯಜಮಾನನ ಕಡೆ ತಿರುಗಿದರು. ಅವನ ಎರಡೂ ಅಂಗೈ ಗೋಡೆಗೆ ಒತ್ತಿಕೊಂಡಿದ್ದವು. ಒಂದನ್ನು ಬಿಡಿಸಿ ಜೇಬಿನಿಂದ ಬೀಗದ ಕೈ ತೆಗೆದುಕೊಟ್ಟ. ಇನ್ನೊಂದನ್ನು ತೆಗೆಯಲು ಧೈರ್ಯ ಬರಲಿಲ್ಲ.